ನಿನಗೆ ತೋರಿಸದ ರಿಪೋರ್ಟು

ದೇವದುರ್ಗ, ಭಾನುವಾರ

ತಮ್ಮಾ ಅಮರೇಶ,

ಇದು ಮಾನ್ವಿಗೆ ಬಂದು ನಿನ್ನೆದುರು ಕೂತು ಹೇಳಬೇಕಾದ ಮಾತು. ಎರಡು ಸಲ ಬಂದೆ. ಎರಡೂ ಸಲ ನಿನ್ನ ಮುಖ ನೋಡಿ, ಚಹಾ ಕುಡಿದು ಬಸ್ಸು ಹತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಉಂಡದ್ದು ಎದೆಯಲ್ಲಿ ನಿಲ್ಲತೊಡಗಿದಾಗ, ನೀನು ಶಾಲೆಯಲ್ಲಿ ಮಾಸ್ತರನಾಗಿ ಒಂದು ವರ್ಷವಾಗಿತ್ತು. ಕೂಲಿ ಮಾಡಿ ನಮ್ಮಿಬ್ಬರನ್ನೂ ಓದಿಸಿದ ಅವ್ವ, "ಅಕ್ಕ ನರ್ಸ್ ಅದಾಳ, ಆಕೀನ್ನ ಕೇಳು" ಎಂದಳು. ನಾನು ಗ್ಯಾಸಿನ ಗುಳಿಗೆ ಕೊಟ್ಟೆ, ರೊಟ್ಟಿ ನೆನೆಸಿ ತಿನ್ನು ಎಂದೆ. ಅಲ್ಲಿಯವರೆಗಿನದು ನನ್ನ ತಿಳಿಗೇಡಿತನ. ಅದನ್ನು ನೀನು ಮನ್ನಿಸಬಹುದು.

ನಿನ್ನ ಮದುವೆಗೆ ಹದಿನಾರು ದಿನ ಇದ್ದಾಗ ರಾಯಚೂರಿನಲ್ಲಿ ಬಾಯಿಂದ ಕ್ಯಾಮೆರಾ ಬಿಟ್ಟು ನೋಡಿಸಿದೆವಲ್ಲ, ಅಂದು ನೀನು ಮಂಪರಿನಲ್ಲಿ ಬೆಂಚಿನ ಮೇಲೆ ಮಲಗಿದ್ದೆ. ರಿಪೋರ್ಟು ನನ್ನ ಕೈಗೆ ಕೊಟ್ಟರು. ಅನ್ನನಾಳದ ಕೆಳಗಿನ ಬಾಯಿ ತೆರೆಯುತ್ತಿಲ್ಲ, ತಡಮಾಡದೆ ಹೈದರಾಬಾದಿಗೆ ಕರೆದೊಯ್ಯಿರಿ ಎಂದು ಡಾಕ್ಟರು ಬಿಡಿಸಿ ಹೇಳಿದರು. ನೀನು ಎದ್ದು, "ಏನಂದ್ರಕ್ಕಾ?" ಎಂದು ಕೇಳಿದೆ. "ಏನಿಲ್ಲಪ್ಪ, ಗ್ಯಾಸು" ಎಂದು ನಾನು ಹೇಳಿದೆ.

ಶಶಿಕಲಾಳ ತವರಿನವರಿಗೆ ತಿಳಿದರೆ ಮದುವೆ ಮುರಿಯುತ್ತದೆಂದು ಹೆದರಿದ್ದೆ. ಮದುವೆಯಾಗಲಿ, ಮರುವಾರವೇ ಹೇಳೋಣ ಎಂದುಕೊಂಡೆ. ಮರುವಾರ ನೀವಿಬ್ಬರೂ ನಗುತ್ತಾ ನಮ್ಮ ಮನೆಗೆ ಊಟಕ್ಕೆ ಬಂದಿರಿ. ಬಾಯಿ ಬರಲಿಲ್ಲ. ಒಂದು ತಿಂಗಳು ಕಳೆದ ಮೇಲೆ, ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಎಂದು ನೀನು ಕೇಳಿದರೆ ಏನು ಹೇಳಲಿ ಎಂಬುದೇ ಭಯವಾಯಿತು. ಹಾಗೇ ನಾಲ್ಕು ವರ್ಷ. ನೀನು ಸೊರಗುವುದನ್ನು, ಮಲಗಿದರೆ ಉಂಡದ್ದು ಬಾಯಿಗೆ ಬರುತ್ತದೆಂದು ಗೋಡೆಗೊರಗಿ ಕುಂತೇ ನಿದ್ದೆ ಮಾಡುವುದನ್ನು ನೋಡುತ್ತಲೇ ಇದ್ದೆ.

ಹೋದ ವರ್ಷ ಶಶಿಕಲಾ ಹಠ ಹಿಡಿದು ನಿನ್ನನ್ನು ಹೈದರಾಬಾದಿಗೆ ಹೊರಡಿಸಿದಳು. ನಾನೂ ಬಂದೆ. ಹೊಟ್ಟೆ ಕೊಯ್ಯದೆ, ಬಾಯಿಯ ಮೂಲಕವೇ ಕ್ಯಾಮೆರಾ ಇಳಿಸಿ, ಬಿಗಿದ ಸ್ನಾಯುವನ್ನು ಒಳಗಿಂದಲೇ ಕತ್ತರಿಸಿದರು. ಮೂರನೆಯ ದಿನ ಗಂಜಿ ಕುಡಿದು, ಎದೆಯ ಮೇಲೆ ಕೈಯಿಟ್ಟುಕೊಂಡು ಕಾಯುತ್ತಾ ಕುಳಿತೆಯಲ್ಲ. "ಇಳೀತಕ್ಕಾ" ಎಂದು ಅತ್ತೆ. ನನ್ನ ಕೈ ಹಿಡಿದು, "ನೀ ಇರದಿದ್ರ ನಾ ಇಷ್ಟು ದಿನ ಉಳೀತಿದ್ದಿಲ್ಲ" ಎಂದೆ. ಆ ಕೈಯನ್ನು ಬಿಡಿಸಿಕೊಳ್ಳಲೂ ನನಗೆ ಧೈರ್ಯವಾಗಲಿಲ್ಲ.

ಐದು ತಿಂಗಳು ನೀನು ಚೆನ್ನಾಗಿ ಉಂಡೆ. ಮತ್ತೆ ನಿಲ್ಲತೊಡಗಿತು. ಕಳೆದ ತಿಂಗಳು ಹೈದರಾಬಾದಿನ ಡಾಕ್ಟರು ನನ್ನೊಬ್ಬಳನ್ನೇ ಕೂರಿಸಿಕೊಂಡು ಹೇಳಿದರು: ನಾಳದ ಬಾಯಿ ತೆರೆದಿದೆ, ಆದರೆ ನಾಳ ಚೀಲದಂತೆ ಹಿಗ್ಗಿ ಬಾಗಿದೆ, ಅನ್ನ ತಳ್ಳುವ ಶಕ್ತಿ ಅದಕ್ಕಿಲ್ಲ. ಉಂಡದ್ದು ಉಕ್ಕಿ ಒಳಗೆ ಹೋಗಿ ಹೋಗಿ ನಿನ್ನ ಶ್ವಾಸಕೋಶ ಕೆಟ್ಟಿದೆ, ನಾಳವನ್ನೇ ತೆಗೆಯುವ ಆಪರೇಷನ್ನನ್ನು ಅದು ತಡೆಯುವುದಿಲ್ಲ. "ಮೂರ್ನಾಲ್ಕು ವರ್ಷ ಮೊದಲೇ ಬಂದಿದ್ದರೆ ಬಹುಶಃ ಆ ಚಿಕಿತ್ಸೆಯೇ ಸಾಕಾಗುತ್ತಿತ್ತು" ಎಂದರು. ಯಾರದೋ ವಿಷಯ ಕೇಳಿದವಳಂತೆ ನಾನು ತಲೆಯಾಡಿಸಿದೆ. ತಡವಾಯಿತು, ಇನ್ನು ಆಪರೇಷನ್ ಆಗದು ಎಂದಷ್ಟೇ ನಿಮ್ಮಿಬ್ಬರಿಗೆ ಹೇಳಿದೆ.

ಮೊನ್ನೆ ಬಂದಾಗ ಶಶಿಕಲಾ ಅಡುಗೆಮನೆಯಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು, "ನಾನ ಲಗೂ ಕರ್ಕೊಂಡು ಹೋಗಬೇಕಿತ್ರೀ ಅಕ್ಕಾ, ನನ್ನಿಂದನ ಹಿಂಗಾತು" ಎಂದಳು. ಅವಳ ಬೆನ್ನು ಸವರಿದೆ.

ಇನ್ನು ಮುಚ್ಚಿಡಲು ಆಗುವುದಿಲ್ಲ. ಆ ರಿಪೋರ್ಟನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ತಾರೀಖು ನೋಡು. ಎರಡನ್ನೂ ಶಶಿಕಲಾಳಿಗೆ ಕೊಡು. ಅವಳು ತನ್ನನ್ನು ತಾನು ಬೈದುಕೊಳ್ಳುವುದು ನಿಲ್ಲಲಿ. ನೀವು ಕರೆಯದೆ ನಾನು ಮಾನ್ವಿಗೆ ಬರುವುದಿಲ್ಲ.

ಮನ್ನಿಸೆಂದು ಕೇಳಲಾರೆ. ಇಂದು ಕುಡಿಯುವ ನೀರಾದರೂ ನಿನಗೆ ನೋಯದೆ ಇಳಿಯಲಿ, ತಮ್ಮಾ.

ನಿನ್ನ ಅಕ್ಕ,
ನಾಗವೇಣಿ