ಮೇಜಿನ ಕೆಳಗಾದ ಬಾವಲಿ ಒಪ್ಪಂದ

ದೊಡ್ಡಕ್ಕಾ,

ಕಾರ್ಡು ಚಿಕ್ಕದು, ಸುದ್ದಿ ದೊಡ್ಡದು. ಗಡಿಯಲ್ಲಿರುವ ಬಾವಲಿಗಳ ಗುಹೆಯನ್ನು ಸುಣ್ಣಕಲ್ಲಿಗಾಗಿ ಸಿಡಿಸಬಾರದೆಂದು ಎರಡು ದೇಶಗಳ ಮಂತ್ರಿಗಳನ್ನು ಒಪ್ಪಿಸಲು ಇಲ್ಲಿ ಸಭೆ. ನಾನು ದುಭಾಷಿ. ನಿನ್ನೆಯೆಲ್ಲ ಇಬ್ಬರೂ ಕ್ಯಾಮೆರಾ ಕಡೆ ನೋಡಿಕೊಂಡೇ ಜಗಳವಾಡಿದರು. ಇವತ್ತು ವಿಜ್ಞಾನಿ ಮೇಡಂ ತೋರಿಸಲೆಂದು ತಂದಿದ್ದ ಬಾವಲಿ ಚೀಲದಿಂದ ಹಾರಿತು. ವರದಿಗಾರರು ಹೊರಗೋಡಿದರು, ಮಂತ್ರಿಗಳು ಒಂದೇ ಮೇಜಿನ ಕೆಳಗೆ ತೂರಿದರು. ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟಿಸಬೇಕಲ್ಲ, ನಾನೂ ತೂರಿದೆ.

“ನಿಮ್ಮ ಬಾವಲಿ ಕಚ್ಚುತ್ತಾ?” ಎಂದರು ದಪ್ಪ ಮಂತ್ರಿ.

“ನಮ್ಮದಾ? ಅದು ನಿಮ್ಮದು,” ಎಂದರು ಸಣಕಲು ಮಂತ್ರಿ.

ಮೇಡಂ ಬಗ್ಗಿ ನೋಡಿ, “ರಾತ್ರಿಯೆಲ್ಲ ಇಬ್ಬರ ಹೊಲದಲ್ಲೂ ಹುಳ ತಿನ್ನುತ್ತೆ ಸಾರ್. ಗುಹೆ ಹೋದ್ರೆ ಇಬ್ಬರ ಬೆಳೆಯೂ ಹುಳಕ್ಕೇ,” ಎಂದರು.

ನೋಡುವವರಿಲ್ಲದ್ದರಿಂದ ಇಬ್ಬರಿಗೂ ಬುದ್ಧಿ ಬಂತು. ಗುಹೆ ಮುಟ್ಟುವುದಿಲ್ಲವೆಂದು ಅಲ್ಲೇ, ನನ್ನ ಬೆನ್ನ ಮೇಲೆ ಕಾಗದವಿಟ್ಟು ರುಜು ಹಾಕಿದರು. ಹೊರಗೆ ಬಂದ ಮೇಲೆ ವರದಿಗಾರರ ಮುಂದೆ ಇಬ್ಬರದೂ ಒಂದೇ ಮಾತು: “ಅವರನ್ನ ಒಪ್ಪಿಸೋ ಹೊತ್ತಿಗೆ ಸಾಕುಸಾಕಾಯ್ತು.” ನಗದೆ ಎರಡನ್ನೂ ಅನುವಾದಿಸಿದೆ.

ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿದೆ. ಅಮ್ಮನಿಗೆ ಹೇಳಬೇಡ, ಪೋಸ್ಟ್‌ಮ್ಯಾನ್ ಓದಿ ಆಗಲೇ ಹೇಳಿರದಿದ್ದರೆ.

ನಿನ್ನ ತಮ್ಮ