ನಾಲ್ಕನೆಯ ಸಾಲಿನ ಧೂಳು

ತಾ. ೯, ಸೋಮವಾರ
ಲಾಡ್ಜಿನ ಮೂರನೆಯ ಮಹಡಿಯಿಂದ

ಪ್ರೀತಿಯ ಅಕ್ಕನಿಗೆ ನಿನ್ನ ತಮ್ಮನ ನಮಸ್ಕಾರಗಳು.

ಭಾವನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದರೆ ಕೇಳುವ ಜಾಯಮಾನ ಅವರದಲ್ಲ, ಗೊತ್ತು. ನಿನ್ನ ಮಗಳು ಪುಟ್ಟಕ್ಕನ ಕೆಮ್ಮು ಹೋಯಿತೇ? ನಿನ್ನ ಮೊಮ್ಮಗಳು, ಆ ಮೆಣಸಿನಕಾಯಿಗೆ, ಮುಂದಿನ ಹಲ್ಲು ಬಂತೇ, ಇಲ್ಲ ಇನ್ನೂ ಬಾಯಲ್ಲಿ ಗಾಳಿ ಬಿಟ್ಟುಕೊಂಡೇ ಜಗಳವಾಡುತ್ತಾಳೋ? ನಿನ್ನ ಕಿವಿಯ ಬಗ್ಗೆ ನಾನು ಕೇಳುವುದಿಲ್ಲ. ಅದು ಕೇಳುವುದಿಲ್ಲವೆಂದೇ ಈ ಕಾಗದ. ಫೋನಿನಲ್ಲಿ ಕಿರುಚಿ ಹೇಳುವ ಸಂಗತಿ ಇದಲ್ಲ. ಮೇಲಾಗಿ ಮಗ ಸದಾ ಮಗ್ಗುಲಲ್ಲೇ ಇರುತ್ತಾನೆ.

ನಾವು ಹೊರಟು ಒಂಬತ್ತು ದಿನವಾಯಿತು. ಚಿಕ್ಕಂದಿನಲ್ಲಿ ಗಡಿಯಾರ, ಟಾರ್ಚು ಎಲ್ಲ ಬಿಚ್ಚಿ ಹರವುತ್ತಿದ್ದನೆಂದು ಇವನಿಗೆ ಬಿಚ್ಚಣ್ಣ ಎಂದು ಹೆಸರಿಟ್ಟವಳು ನೀನೇ ತಾನೇ? ಆ ಬಿಚ್ಚಣ್ಣ ಈಗ ತಾಂತ್ರಿಕ ಶಾಲೆಯ ಮೇಷ್ಟರು, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಹಳೆಯ ಯಂತ್ರಗಳ ಮ್ಯೂಸಿಯಂಗಳನ್ನೆಲ್ಲ ಅಪ್ಪನಿಗೆ ತೋರಿಸಬೇಕೆಂದು ರಜೆ ಹಾಕಿ, ನನ್ನನ್ನು ಕಾರಿನಲ್ಲಿ ಕೂರಿಸಿ, ಸೀಟಿನ ಪಟ್ಟಿಯನ್ನೂ ತಾನೇ ಬಿಗಿದು ಹೊರಟ. ಆ ಪಟ್ಟಿ ಬಿಚ್ಚುವುದು ನನಗೆ ಇವತ್ತಿಗೂ ಬಂದಿಲ್ಲ. ಅವನು ಈ ಕಡೆ ಬಂದು ಬಿಚ್ಚುವ ತನಕ ಕೂತೇ ಇರುತ್ತೇನೆ.

ಮೊದಲು ಗಡಿಯಾರಗಳ ಮ್ಯೂಸಿಯಂ, ಆಮೇಲೆ ರೇಡಿಯೋಗಳದು, ಆಮೇಲೆ ಅಚ್ಚಿನ ಯಂತ್ರಗಳದು. ನೋಡಲು ಚೆಂದವೇ. ಆದರೆ ಪ್ರತಿ ಬಾಗಿಲಲ್ಲೂ ಬಿಚ್ಚಣ್ಣ ಅಲ್ಲಿನ ಗೈಡನ್ನು ಹಿಡಿದು ನಿಲ್ಲಿಸುತ್ತಾನೆ. ಇವರು ನಮ್ಮಪ್ಪ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಂಜಿನಿಯರ್ ಆಗಿದ್ದರು, ಎನ್ನುತ್ತಾನೆ. ಗೈಡು ಕೈಕುಲುಕುತ್ತಾನೆ. ನಾನು ನಗುತ್ತೇನೆ. ಆ ನಗು ಹೇಗಿರುತ್ತದೆಂದು ನಿನಗೆ ಬರೆದು ತೋರಿಸಬೇಕಾಗಿಲ್ಲ. ನನ್ನವಳು ಹೋದ ಮೇಲೆ ನಿಜ ಗೊತ್ತಿರುವವಳು ನೀನೊಬ್ಬಳೇ.

ಅಕ್ಕಾ, ನಾನು ಎಂದೂ ಸುಳ್ಳು ಹೇಳಿರಲಿಲ್ಲ. ಐದು ವರ್ಷದ ಮಗ ಆಫೀಸಿನಲ್ಲಿ ಏನು ಮಾಡುತ್ತೀಯ ಅಂತ ಕೇಳಿದಾಗ, ಮಶೀನು ನೋಡ್ಕೋತೀನಿ ಅಂದೆ. ಮಗುವನ್ನು ನೋಡಿಕೊಳ್ಳುವ ಹಾಗೆ, ಮುದುಕರನ್ನು ನೋಡಿಕೊಳ್ಳುವ ಹಾಗೆ. ಒರೆಸುವುದೂ ನೋಡಿಕೊಳ್ಳುವುದೇ ತಾನೇ? ಶಾಲೆಗೆ ಸೇರಿಸುವಾಗ ಅವನಮ್ಮನೂ ಅದನ್ನೇ ಹೇಳಿದಳು. ಗುಮಾಸ್ತ ನನ್ನ ಕಾಲರಿನ ಅಂಗಿಯನ್ನೊಮ್ಮೆ ನೋಡಿ, ತಂದೆಯ ಉದ್ಯೋಗ ಇಂಜಿನಿಯರ್ ಎಂದು ಬರೆದುಕೊಂಡ. ನಾನು ಆಗ ಬಾಯಿ ತೆರೆಯಲಿಲ್ಲ. ಆ ಅಂಗಿ ಹೊಲಿದುಕೊಟ್ಟವಳು ನೀನು. ಅದನ್ನು ತೊಟ್ಟು ಮನೆ ಬಿಟ್ಟು, ಸ್ಟೋರಿನಲ್ಲಿ ಖಾಕಿಗೆ ಬದಲಾಯಿಸಿ, ಸಂಜೆ ಮತ್ತೆ ಅಂಗಿ ತೊಟ್ಟು ಬರುತ್ತಿದ್ದೆನಲ್ಲ, ಹಾಗೆ ಇಪ್ಪತ್ತೆಂಟು ವರ್ಷ. ಹೇಳದೆ ಉಳಿದದ್ದು ಸುಳ್ಳೋ ಅಲ್ಲವೋ, ಅಕ್ಷರವನ್ನೇ ಕಸದ ಬುಟ್ಟಿಯ ಕಾಗದದಿಂದ ಕಲಿತ ನನಗೆ ಗೊತ್ತಾಗುವುದಿಲ್ಲ.

ಈ ಊರಿನ ಮ್ಯೂಸಿಯಂಗೆ ಬಂದದ್ದು ಮೊನ್ನೆ ಶನಿವಾರ. ಒಳಗೆ ಕಾಲಿಟ್ಟು ನೋಡುತ್ತೇನೆ, ನಮ್ಮ ಎಕ್ಸ್‌ಚೇಂಜನ್ನೇ ತಂದು ನಿಲ್ಲಿಸಿದ್ದಾರೆ! ಅವೇ ಕಬ್ಬಿಣದ ಯಂತ್ರಗಳ ಸಾಲುಗಳು, ಅದೇ ಗಾಲಿಯ ಏಣಿ. ಮುಟ್ಟಬಾರದೆಂದು ಹಗ್ಗ ಕಟ್ಟಿದ್ದಾರೆ. ನಾನು ಮುಟ್ಟದ ಒಂದು ಬೆರಳಗಲ ಜಾಗವೂ ಅದರಲ್ಲಿಲ್ಲ. ಗೈಡು ಅಲ್ಲಿನ ಒಂದು ಹಳೆಯ ರಿಪೇರಿ ಪುಸ್ತಕ ತೆರೆದು ಓದಿದ. ನಾಲ್ಕನೆಯ ಸಾಲು ಮಧ್ಯಾಹ್ನವಾದರೆ ಕರೆಗಳನ್ನು ತಪ್ಪು ನಂಬರಿಗೆ ಜೋಡಿಸುತ್ತಿತ್ತಂತೆ. ದೊಡ್ಡ ದೊಡ್ಡ ಇಂಜಿನಿಯರುಗಳು ತಲೆ ಕೆಡಿಸಿಕೊಂಡರೂ ಕಾರಣ ಗೊತ್ತಾಗಲಿಲ್ಲವಂತೆ.

ಅಕ್ಕಾ, ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ತಡೆಯಲಾಗಲಿಲ್ಲ. ಆ ಸಾಲಿನ ಪಕ್ಕದ ಗೋಡೆಗೆ ಕೋಟು ನೇತುಹಾಕುವ ಗೂಟಗಳಿದ್ದವು, ಊಟದ ಹೊತ್ತಿಗೆ ಎಲ್ಲರೂ ಕೋಟು ಕೊಡವಿ ತೊಡುತ್ತಿದ್ದರು, ಉಣ್ಣೆಯ ನವಿರು ಹಾರಿ ಒಳಗೆ ಕೂರುತ್ತಿತ್ತು ಎಂದುಬಿಟ್ಟೆ. ಒಮ್ಮೆ ನಾನೇ ಆ ಗೂಟ ಕಿತ್ತದ್ದು, ದೊಡ್ಡ ಸಾಹೇಬರು ಬೈದು ಮತ್ತೆ ಹೊಡೆಸಿದ್ದು, ಅದನ್ನು ಹೇಳಲಿಲ್ಲ. ಗೈಡು ಅದನ್ನು ಚೀಟಿಯಲ್ಲಿ ಬರೆದುಕೊಂಡ. ಇಷ್ಟು ಸೂಕ್ಷ್ಮ ಹಿಡಿಯಬೇಕಾದರೆ ಯಂತ್ರದ ಜೀವನಾಡಿ ಬಲ್ಲವರೇ ಆಗಬೇಕು ಎಂದ. ಬಿಚ್ಚಣ್ಣನ ಕಣ್ಣು ಒದ್ದೆಯಾಗಿತ್ತು. ನೋಡು, ಕಸಗುಡಿಸುವವನಿಗೆ ಮಾತ್ರ ಗೊತ್ತಿರುವ ಸತ್ಯ ಹೇಳಿ, ಇನ್ನೂ ದೊಡ್ಡ ಇಂಜಿನಿಯರ್ ಆಗಿಬಿಟ್ಟೆ.

ಈಗ ಬರುವ ಭಾನುವಾರ ಅಲ್ಲಿ ನನ್ನ ಭಾಷಣ. ಇನ್ನೂರು ಜನ ಬರುತ್ತಾರಂತೆ. ಬಾಗಿಲಲ್ಲಿ ನನ್ನ ಫೋಟೋ ಹಾಕಿ ಕೆಳಗೆ ಆ ಪದ ಬರೆದಿದ್ದಾರೆ. ಮುಖ್ಯ ಅತಿಥಿ ಯಾರು ಗೊತ್ತೇ? ಅದೇ ದೊಡ್ಡ ಸಾಹೇಬರು. ತೊಂಬತ್ತರ ಹತ್ತಿರ, ಇನ್ನೂ ಗಟ್ಟಿಯಾಗಿದ್ದಾರಂತೆ. ದಿನವೂ ಬೆಳಿಗ್ಗೆ ಅವರ ಮೇಜು ಒರೆಸಿ ನೀರು ಇಟ್ಟವನು ನಾನು. ಅವರು ನನ್ನ ಗುರುತು ಹಿಡಿದರೆ ಮಗನ ಎದುರು ಮಾನ ಹೋಗುತ್ತದೆ. ಹಿಡಿಯದಿದ್ದರೆ ನಾನು ಸಾಯುವ ತನಕ ಇಂಜಿನಿಯರೇ. ಯಾವುದು ಹೆಚ್ಚು ಕಷ್ಟ ನೀನೇ ಹೇಳು.

ಊರಿಗೆ ಹೋಗೋಣ ಎಂದೆ. ಕಾರು ಗ್ಯಾರೇಜಿನಲ್ಲಿದೆ, ಯಾವುದೋ ಭಾಗ ಬರಬೇಕು, ಶುಕ್ರವಾರದ ತನಕ ಅಲ್ಲಾಡುವಂತಿಲ್ಲ. ಹೊಟ್ಟೆನೋವು ಎಂದೆ. ಡಾಕ್ಟರನ್ನೇ ರೂಮಿಗೆ ಕರೆತಂದ. ನಿನ್ನೆ ಧೈರ್ಯ ಮಾಡಿ ಗ್ಯಾರೇಜಿನ ಬೆಂಚಿನ ಮೇಲೆ ಕೂತು ಹೇಳಿಯೇಬಿಟ್ಟೆ: ನಾನು ಅಲ್ಲಿ ಧೂಳು ಒರೆಸ್ತಿದ್ದೆ ಕಣೋ, ಅಷ್ಟೇ. ಅವನು ಗಹಗಹಿಸಿ ನಕ್ಕ. ಬಿಡಪ್ಪ, ನಿಂದು ಯಾವಾಗ್ಲೂ ಇದೇ ಆಯ್ತು, ಬೆಟ್ಟದಷ್ಟು ಮಾಡಿ ಸಾಸಿವೆಯಷ್ಟು ಹೇಳೋದು, ಎಂದ. ಕಾರಿನಡಿ ಮಲಗಿದ್ದ ಮೆಕ್ಯಾನಿಕ್ಕನನ್ನು ಕರೆದು, ಕೇಳಿದಿರಾ, ದೊಡ್ಡವರು ಅಂದ್ರೆ ಹೀಗಿರ್ಬೇಕು, ಎಂದೂ ಹೇಳಿದ. ಆತ ಕಾರಿನಡಿಯಿಂದಲೇ, ನಾನೂ ಹಂಗೇ ಸಾರ್, ನಾನೂ ಬರೀ ಒರೆಸೋನೇ, ಎಂದ. ಇಬ್ಬರೂ ನಕ್ಕರು. ನಿಜ ಹೇಳಿದರೂ ಬಾಗಿಲು ತೆರೆಯದಿದ್ದರೆ ಇನ್ನು ಯಾವ ಬೀಗದಕೈ ಹುಡುಕಲಿ?

ಈ ರೂಮಿನಲ್ಲಿ ಎರಡು ಮಂಚ, ಒಂದು ಕಿಟಕಿ. ಕಿಟಕಿ ತೆರೆದರೆ ಎದುರು ಗೋಡೆ. ಬಿಚ್ಚಣ್ಣ ಒಂದು ಮಂಚದ ಮೇಲೆ ಕೂತು ನನ್ನ ಭಾಷಣವನ್ನೂ ಅದಕ್ಕೆ ಮೊದಲು ತಾನು ಆಡುವ ಮಾತನ್ನೂ ಬರೆಯುತ್ತಿದ್ದಾನೆ; ಇನ್ನೊಂದರ ಮೇಲೆ ಅವನಿಗೆ ಬೆನ್ನು ಮಾಡಿ ನಾನು ಇದನ್ನು ಬರೆಯುತ್ತಿದ್ದೇನೆ. ಅವನು ಆಗಾಗ ಗಟ್ಟಿಯಾಗಿ ಓದುತ್ತಾನೆ. ‘ನನ್ನ ತಂದೆಯ ಕೈ ನೋಡಿಯೇ ನಾನು ಯಂತ್ರ ಕಲಿತೆ’ ಎಂಬ ಸಾಲು ಈಗ ತಾನೇ ಓದಿದ. ಹೇಗಿದೆ ಅಪ್ಪಾ ಎಂದು ಕೇಳಿದ. ಚೆನ್ನಾಗಿದೆ ಎಂದೆ.

ನನಗೆ ಮಾನದ ಚಿಂತೆಗಿಂತ ಇದರ ಚಿಂತೆ ಅಕ್ಕಾ. ಅವನು ನಲವತ್ತು ವರ್ಷ ನಿಂತಿರುವ ನೆಲ ಅದು. ನಾನು ಅದನ್ನು ಕಿತ್ತುಕೊಂಡರೆ ಅವನು ಎಲ್ಲಿ ನಿಲ್ಲುತ್ತಾನೆ? ಭಾನುವಾರ ಇನ್ನೂರು ಜನರೆದುರು ತಿಳಿಯುವುದಕ್ಕಿಂತ ಅದಕ್ಕೆ ಮೊದಲೇ ಮನೆಯವರಿಂದ ತಿಳಿಯಲಿ. ನಾನು ಹೇಳಿದರೆ ವಿನಯ ಎನ್ನುತ್ತಾನೆ. ಅತ್ತೆಯ ಮಾತು ಅವನಿಗೆ ವೇದವಾಕ್ಯ. ನೀನು ಅವನಿಗೆ ಎರಡು ಸಾಲು ಬರೆಯುತ್ತೀಯಾ? ಬೇಡ, ಸುಮ್ಮನಿರು, ಹಾಗೇ ನಡೆದುಹೋಗಲಿ ಎನ್ನುವುದಾದರೆ ಅದನ್ನೇ ನನಗೆ ಬರೆ. ಎರಡರಲ್ಲಿ ಒಂದು. ಲಾಡ್ಜಿನ ವಿಳಾಸ ಹಿಂದೆ ಬರೆದಿದ್ದೇನೆ. ಶನಿವಾರದೊಳಗೆ ಕೈಸೇರುವ ಹಾಗೆ, ಕಾಗದ ಮುಟ್ಟಿದ ದಿನವೇ ಬರೆದು ಹಾಕು.

ಇಂತು,
ನಿನ್ನ ತಮ್ಮ

ತಾ.ಕ.: ಅಂಚೆಪೆಟ್ಟಿಗೆ ಬೀದಿಯ ಆ ತುದಿಯಲ್ಲಿದೆಯಂತೆ, ಬಿಚ್ಚಣ್ಣನೇ ಹಾಕಿ ಬರುತ್ತಾನೆ. ಕೆಳಗೆ ಕೇಳಿದ್ದರೆ ಗೋಂದು ಸಿಗುತ್ತಿತ್ತು, ಕೇಳಲಿಲ್ಲ. ಕವರಿನ ಬಾಯಿ ಹಾಗೇ ಬಿಟ್ಟು ಅವನ ಕೈಗೆ ಕೊಡುತ್ತೇನೆ. ಆದರೂ ಅವನು ತೆಗೆದು ಓದುತ್ತಾನೆಂಬ ನಂಬಿಕೆ ನನಗಿಲ್ಲ ಅಕ್ಕಾ. ಬೇರೆಯವರ ಕಾಗದ ಓದಬಾರದು ಎಂದು ಅವನಿಗೆ ಕಲಿಸಿದವನೂ ನಾನೇ.