ಬುತ್ತಿಗಂಟು ಮನೆಯಲ್ಲೇ ಇದೆ

ಅತ್ತೆಯವರೇ,

ನಡೆಯಲು ಹೊರಟಿದ್ದೇನೆ. ಬುತ್ತಿಗಂಟನ್ನು ಒಯ್ದಿಲ್ಲ, ಅಡುಗೆಮನೆಯ ಗೂಟಕ್ಕೆ ತೂಗುಹಾಕಿದ್ದೇನೆ. ಬುತ್ತಿಯಂತೆ ಕಾಣಲೆಂದು ನೀವು ಅದರೊಳಗೆ ತುರುಕಿದ ಹಳೆಯ ಸೀರೆಯ ಚೂರುಗಳನ್ನು ತೆಗೆದು ಒರೆಸಲು ಇಟ್ಟುಕೊಳ್ಳಿ.

"ಸುಮ್ಮನ ಅಡ್ಡಾಡಿದ್ರ ಮಂದಿ ಏನಂತಾರ ರೋಹಿಣಿ? ಗಂಡ ಹೋಗಿ ವರ್ಷಾಗಿಲ್ಲ. ಕೈಯಾಗ ಗಂಟಿದ್ರ ಹೊಲಕ್ಕ ಹೊಂಟಾಳ ಅಂತಾರ" ಎಂದಿರಿ. ನಿಮ್ಮ ಮಾತಿಗೆ ಒಪ್ಪಿ ಗಂಟು ಹಿಡಿದುಕೊಂಡು ಹೋದೆ. ನಿನ್ನೆ ಗೌರವ್ವ ಕಟ್ಟೆಯ ಮೇಲಿಂದ, "ಟೀಚರ್ರ, ನಿಮ್ಮ ಹೊಲ ಆ ಕಡಿ ಐತಿ. ಈ ದಾರ್ಯಾಗ ಯಾರಿಗಿ ಬುತ್ತಿ ಒಯ್ತೀರಿ?" ಎಂದಳು. ಕೂತವರೆಲ್ಲ ನಕ್ಕರು. ನನಗೆ ಏನೂ ಅನ್ನಿಸಲಿಲ್ಲ. ಈಗೀಗ ಯಾವುದೂ ಅನ್ನಿಸುವುದಿಲ್ಲ.

ನವಲಗುಂದದ ಡಾಕ್ಟರು ನನ್ನ ರಕ್ತದ ಸಕ್ಕರೆ ಅಂಚಿಗೆ ಬಂದಿದೆ, ದಿನಾ ನಡೆಯಬೇಕು ಎಂದದ್ದು ನಿಮಗೂ ಗೊತ್ತು. ದಿನವಿಡೀ ನಿಂತು ಪಾಠ ಮಾಡಿ ಬಂದ ಮೇಲೆ ನಡೆಯಲು ಕಾಲಲ್ಲಿ ಶಕ್ತಿ ಇರುವುದಿಲ್ಲ. ಬೆಳಗ್ಗೆಯೇ ಆಗಬೇಕು. ಚಿನ್ಮಯಿಗೆ ಇನ್ನು ನಾನೊಬ್ಬಳೇ. ಬಹಳ ವರ್ಷ ಇರಬೇಕು.

ರೊಟ್ಟಿ ಬಡಿದಿಟ್ಟಿದ್ದೇನೆ. ನನ್ನ ಡಬ್ಬಿಗೆ ಪಲ್ಯ ಹಾಕಿಡಿ, ಶೇಂಗಾ ಹೋಳಿಗೆ ಬೇಡ. ಪ್ರೀತಿಯಿಂದ ಇಡುತ್ತೀರಿ, ಗೊತ್ತು. ಆದರೂ ಬೇಡ. ನಿಮ್ಮ ಬಿ.ಪಿ. ಗುಳಿಗೆ ನೀರಿನ ತಂಬಿಗೆಯ ಹತ್ತಿರವಿದೆ. ಮರೆತೆ ಎನ್ನಬೇಡಿ.

ಗೌರವ್ವ ಬಂದು ಕೇಳಿದರೆ, ನಡೆಯಲು ಹೋಗಿದ್ದಾಳೆ ಅನ್ನಿ. ಹೊಲಕ್ಕೆ ಅನ್ನಬೇಡಿ, ಮಗುವೂ ಕೇಳಿಸಿಕೊಳ್ಳುತ್ತದೆ. ಅವಳಪ್ಪ ಹೀಗೇ ನಸುಕಿನಲ್ಲಿ ಹೊಲಕ್ಕೆ ಹೋದವರು, ಎದೆ ಹಿಡಿದುಕೊಂಡು ಅಲ್ಲೇ ಬಿದ್ದರು.

ಚಿನ್ಮಯಿ ಎದ್ದು ಅವ್ವ ಎಲ್ಲಿ ಎಂದರೆ, ಮೊದಲು "ಬರ್ತಾಳ" ಎಂದು ಹೇಳಿ. ಎಲ್ಲಿಗೆ ಹೋಗಿದ್ದೇನೆ ಎಂಬುದನ್ನು ಆಮೇಲೆ ಹೇಳಿದರಾಯಿತು.

ರೋಹಿಣಿ